ಸುಂದ್ರಮ್ಮ ಎಣಿಸದೆ ಬರೆದ ಕುರಿಗಳು

ದನದ ದವಾಖಾನಿ ಬಾಗಿಲಾಗ ಟೇಬಲ್ ಹಾಕ್ಕೊಂಡು ಚೀಟಿ ಬರೆಯೋದು ಏನು ಮಹಾ ಕೆಲಸ ಅಂತ ಕೇಳೋರು ಅದಾರ. ಅಂಥವರು ಒಂದು ಸೋಮವಾರ ಮುಂಜಾನೆ ಬಂದು ಆ ಕುರ್ಚಿ ಮ್ಯಾಲ ಕುಂತು ನೋಡಬೇಕು. ಹೊಟ್ಟಿ ಉಬ್ಬಿದ ಎಮ್ಮಿ, ಕಾಲು ಉಳುಕಿದ ಹೋರಿ, ಕಣ್ಣಾಗ ಮುಳ್ಳು ಹೊಕ್ಕ ಆಡು, ಬುಟ್ಟಿ ತುಂಬ ತೂಕಡಿಸೋ ಕೋಳಿ, ಅವುಗಳ ಹಿಂದ ಅವುಗಳ ಮಂದಿ. ಎಲ್ಲಾರೂ ಒಂದೇ ಸರ್ತಿ ಮಾತಾಡತಾರ. ಎಲ್ಲಾರಿಗೂ ತಮ್ಮದೇ ಮೊದಲು ಆಗಬೇಕು. ಆ ಗದ್ದಲದಾಗ ಯಾವ ಜೀವ ತಡೀತೈತಿ, ಯಾವುದಕ್ಕ ಹೊತ್ತಿಲ್ಲ ಅಂತ ನಮ್ಮ ಸುಂದ್ರಮ್ಮ ತಲಿ ಎತ್ತದೆ, ಬರೀ ಉಸಿರು ಕೇಳಿ ಹೇಳತಿದ್ದಳು. “ಆ ಎಮ್ಮಿ ಒಳಗ ಹೋಗಲಿ. ಹೋರಿ ಗೌಡ್ರು ಸ್ವಲ್ಪ ಕೂಡ್ರಿ, ನಿಮ್ಮ ಹೋರಿಗಿಂತ ನೀವ ಜಾಸ್ತಿ ಒದರಾಕತ್ತೀರಿ.”

ಸುರಪುರದಿಂದ ಕಕ್ಕೇರಾ ಕಡೆ ಹೋಗೋ ಹಾದ್ಯಾಗ, ಕಾಲುವಿ ಕಡಿಯೋ ಮುಂದ ಇಂಜಿನಿಯರುಗಳು ಕಟ್ಟಿಸಿದ ಒಂದು ಕ್ಯಾಂಪ್ ಇತ್ತು. ಕಾಲುವಿ ಮುಗೀತು, ಅವರು ಗಂಟುಮೂಟಿ ಕಟ್ಟಿದರು. ಅವರ ಸಿಮೆಂಟ್ ಗೋದಾಮು ದನದ ದವಾಖಾನಿ ಆತು. ನಾನು ಅಲ್ಲಿ ಕಸ ಹೊಡೆದು, ತೊಟ್ಟಿಗೆ ನೀರು ತುಂಬೋ ಕೆಲಸದಾಗ ಹದಿನಾರು ವರ್ಷ ಇದ್ದೆ. ಮಧ್ಯಾಹ್ನ ಮಂದಿ ಕಡಿಮಿ ಇದ್ದಾಗ ಸುಂದ್ರಮ್ಮನೇ ನನಗೆ ಹಳೆ ಚೀಟಿಗಳ ಹಿಂದ ಅಕ್ಷರ ತಿದ್ದಿಸಿದಳು. ಅದಕ್ಕ ಆಕಿ ಕಥಿ ನಾನೇ ಬರೆಯೋದು ಬರೋಬರಿ ಅನಸ್ತು.

ಆಕಿ ಕೂಲಿಕಾರರ ಮನಿ ಮಗಳು. ಏಳನೆ ಇಯತ್ತೆ ಕಲಿತಿದ್ದಳು. ಗಂಡ ತಿಮ್ಮಣ್ಣ ಕಾಲುವಿ ಗೇಟು ಏರಿಸೋದು ಇಳಿಸೋದು ಮಾಡತಿದ್ದ. ದವಾಖಾನಿಗೆ ಆಕಿ ದಿನಗೂಲಿ ಮ್ಯಾಲ ಬಂದಾಗ ಔಷಧ ಸೀಸೆ ತೊಳೆಯೋಕೆ ಅಂತ ಬಂದಳು. ಆದ್ರ ಡಾಕ್ಟರ್ ವೆಂಕಟಪ್ಪನವರು ಒಂದು ದಿನ ಬಾಗಿಲಾಗ ಆಗೋ ತಕರಾರು ಆಕಿ ಬಿಡಿಸೋದು ನೋಡಿ, “ಸುಂದ್ರಮ್ಮ ಅವರೇ, ನೀವು ಇಲ್ಲೇ ಕೂತ್ಕೊಳ್ಳಿ” ಅಂತ ತಮ್ಮ ಕುರ್ಚಿನೇ ತಂದು ಹಾಕಿದರು. ಡಾಕ್ಟರು ಕೋಲಾರದ ಕಡೆಯವರು. ಒಳ್ಳೆ ಮನಷಾ. ಮಾತು ಮೆತ್ತಗ, ನಮಗೆ ಅರ್ಧ ತಿಳೀತಿರಲಿಲ್ಲ.

ಕೂತ ಮೊದಲ ದಿನಾನೇ ಒಬ್ಬ ಹೆಣಮಗಳು ಆಕಳು ಹೊಡಕೊಂಡು ಬಂದಳು. “ಮಾಲಕರ ಹೆಸರು?” ಅಂದ್ರ ಸೆರಗು ಬಾಯಿಗೆ ಹಿಡಕೊಂಡು ನಿಂತಳು. ಗಂಡನ ಹೆಸರು ಹೇಳಂಗಿಲ್ಲ. ಸುಂದ್ರಮ್ಮ ಪೆನ್ನು ಕೆಳಗಿಟ್ಟಳು. “ಹೋಗಲಿ ಬಿಡವ್ವ. ನಿಮ್ಮತ್ತಿ ಮಗನ್ನ ಏನಂತ ಕರೀತಾಳ?” ಅಂದಳು. “ಹುಸೇನಪ್ಪಾ ಅಂತಾಳ್ರಿ” ಅಂತ ಆ ಹೆಣಮಗಳು ಪಟ್ಟಂತ ಹೇಳಿಬಿಟ್ಟಳು. ಆಮ್ಯಾಲ ತಾನೇ ನಾಲಗಿ ಕಚ್ಚಿಕೊಂಡಳು. ಕಟ್ಟಿ ಮ್ಯಾಲ ಕುಂತ ಮಂದಿಯೆಲ್ಲ ನಕ್ಕಿತು.

ಮಂದಿ ಬಾಯಿಲೆ ಮಾತು ಹೊರಡಿಸೋ ಇಂಥಾ ಜಾಣಿ, ಕುರಿಯವರ ವಿಷಯದಾಗ ಮಾತ್ರ ತಪ್ಪಿದಳು. ನಾನು ಹೇಳಬೇಕಾದದ್ದು ಅದನ್ನ.

ಕಾಲುವಿಗೆ ನೀರು ಬಂದು ಏಳೆಂಟು ವರ್ಷ ಆಗಿತ್ತು. ಭತ್ತ ಬಂತು, ಭತ್ತ ಕೊಯ್ದ ಹೊಲಗಳು ಬಂದವು, ಕಾಲುವಿ ಬಾಜು ಮೊಣಕಾಲುದ್ದ ಹಸಿರು ಬಂತು. ಕುರಿಗಳಿಗೆ ಹಬ್ಬ. ಆದ್ರ ಆ ಹಸಿರಿನ ಕೂಡ ಕರುಳಬ್ಯಾನಿ ಬಂತು. ಅದು ಬಡಕಲು ಮರಿ ಮುಟ್ಟಂಗಿಲ್ಲ. ಚಂದಾಗಿ ತಿಂದು ದುಂಡಗ ಆದದ್ದನ್ನೇ ಆರಿಸಿ ಒಯ್ಯತೈತಿ. ಸಂಜಿಕ ಜಿಗಿದಾಡಿದ ಮರಿ ಬೆಳಿಗ್ಗೆ ಕಾಲು ಚಾಚಿರತೈತಿ. ಮಳಿಗಾಲಕ್ಕ ಮೊದಲು ಒಂದು ಸೂಜಿ ಹಾಕಿಸಿದ್ರ ಬರಂಗಿಲ್ಲ. ಸೂಜಿ ಔಷಧ ಗುಲ್ಬರ್ಗಾದಿಂದ ಬರಬೇಕು. ಎಷ್ಟು ಕುರಿ ಅದಾವ ಅಂತ ನಾವು ಬರೆದು ಕಳಸಬೇಕು.

ಮೊದಲನೇ ವರ್ಷ ಸುಂದ್ರಮ್ಮ ಎಲ್ಲಾ ಕುರಿಯವರನ್ನ ಕೇಳಿದಳು. ಹುಲಗಪ್ಪ ಅನ್ನೋ ಹಿರಿಯ ಇದ್ದ, ಬಿಳಿ ಮೀಸಿ, ಹೆಗಲ ಮ್ಯಾಲ ಕರಿ ಕಂಬಳಿ. “ಏನೋ, ಇಪ್ಪತ್ತು ಇದ್ದಾವು ನೋಡವ್ವ” ಅಂದ. ಅವನ ಹಿಂದ ಬಂದವನೂ ಇಪ್ಪತ್ತು ಅಂದ. ಅವನ ಹಿಂದಿನವನೂ ಇಪ್ಪತ್ತು. ಸುಂದ್ರಮ್ಮ ಹೇಳಿದಂಗ ಬರೆದಳು. ಕುರಿ ಕಾಯೋ ಮನಿಯಾಕಿ ಆಗಿದ್ರ ತಿಳೀತಿತ್ತು. ಔಷಧಾನೂ ಅಷ್ಟೇ ಬಂತು. ಹೊತ್ತು ನೆತ್ತಿಗೆ ಬರೋದ್ರಾಗ ಸೀಸೆ ಖಾಲಿ. ಹುಲಗಪ್ಪನ ಹಿಂಡು ಕಡೀಗೆ ಇತ್ತು. ದೊಡ್ಡವಕ್ಕ ಸೂಜಿ ಆತು, ಮರಿಗಳು ಉಳಿದವು. ಮತ್ತ ಔಷಧ ಬರೋದ್ರಾಗ ಮಳಿ ಬಂತು, ಹಸಿರು ಬಂತು, ಬ್ಯಾನಿ ಬಂತು. ಹದಿನೆಂಟು ಮರಿ ಹೋದವು.

ಆ ಹದಿನೆಂಟೂ ಮರಿ ಹುಲಗಪ್ಪನ ಹೆಂಡತಿ ಅಯ್ಯಮ್ಮ ಕೈಯಾರೆ ಸಾಕಿದ್ದವು. ಕಡೀ ಮರಿ ಹೊತ್ಕೊಂಡು ಆಕಿ ಪಾಳಿಯಾಗ ನಿಂತಳು, ಚೀಟಿ ಬರೆಯೋದ್ರಾಗನ ಅದರ ಉಸಿರು ನಿಂತಿತ್ತು. ಅಯ್ಯಮ್ಮ ಚೀಟಿನ ತಿರುಗಿ ಟೇಬಲ್ ಮ್ಯಾಲ ಇಟ್ಟಳು. “ಇದನ್ನ ನೀನ ಇಟ್ಕೋ” ಅಂದಳು. ಅಂದಿನಿಂದ ಆಕಿ ಸುಂದ್ರಮ್ಮನ ಕೂಡ ಮಾತು ಬಿಟ್ಟಳು. ಎದುರಿಗೆ ಬಂದ್ರ ಕಾಲುವಿ ಕಡೆ ಮಾರಿ ತಿರುವತಿದ್ದಳು. ಹುಲಗಪ್ಪ ಮಾತ್ರ, “ನಾವ ಇಪ್ಪತ್ತು ಅಂದಿದ್ವಿ, ಆಕೀದೇನು ತಪ್ಪು” ಅಂತಿದ್ದ. ಅವನು ಹಂಗ ಅಂದಷ್ಟೂ ಸುಂದ್ರಮ್ಮಗ ಸಂಕಟ.

ಮುಂದಿನ ವರ್ಷ ಯುಗಾದಿ ಆಗಿ ವಾರಕ್ಕ, ಒಂದು ಸೋಮವಾರ, ಡಾಕ್ಟರು ಒಂದು ಕಾಗದ ಹಿಡಕೊಂಡು ಬಂದರು. “ಸುಂದ್ರಮ್ಮ ಅವರೇ, ಈ ಸಾರಿ ಎರಡನೇ ಸಲ ಔಷಧ ಕೊಡೋದಿಲ್ಲವಂತೆ. ರಿಜಿಸ್ಟರಿನಲ್ಲಿ ಇದ್ದಷ್ಟೇ. ಶನಿವಾರ ಬಸ್ಸಿಗೆ ಲೆಕ್ಕ ಹೋಗಬೇಕು.”

ಸುಂದ್ರಮ್ಮ ನನ್ನ ಕಡೆ ತಿರುಗಿದಳು. ನಾನು ಆಕಿಗೆ ಚಿಕ್ಕಮ್ಮನ ಜಾಗದಾಗ ಇದ್ದೆ. “ಚಿಗವ್ವಾ, ಈ ಸಲಾನೂ ಔಷಧ ಕಡಿಮಿ ಬಿದ್ದು ಒಂದು ಮರಿ ಹೋತಂದ್ರ ನಾ ಈ ಕುರ್ಚಿ ಮ್ಯಾಲ ಕೂಡಂಗಿಲ್ಲ. ಸೀಸೆ ತೊಳೀತೀನಿ.”

ಅವತ್ತೇ ಒಬ್ಬ ಕುರಿಯವ ಬಂದ. ಸುಂದ್ರಮ್ಮ ನೆಟ್ಟಗ ಕೇಳಿದಳು. “ಯಪ್ಪಾ, ಖರೆ ಹೇಳು, ಎಷ್ಟು ಕುರಿ ಅದಾವ?”

“ಇಪ್ಪತ್ತೈದು.”

“ಹೋದ ವರ್ಷ ಇಪ್ಪತ್ತು ಅಂದಿದ್ದಿ.”

“ನೀ ಕಷ್ಟಪಟ್ಟು ಕೇಳಾಕತ್ತೀದಿ ಅಂತ ಐದು ಜಾಸ್ತಿ ಹೇಳೀನಿ” ಅಂದು ಬೀಡಿ ಹಚ್ಚಿದ.

ಅವನು ಹೋದ ಮ್ಯಾಲ ನಮ್ಮ ಕಂಪೌಂಡರ್ ರಾಜಾಸಾಬ ಹೊಟ್ಟಿ ಹಿಡಕೊಂಡು ನಕ್ಕ. “ಅರೇ ಸುಂದ್ರಕ್ಕಾ, ಅವರು ಹೇಳಂಗಿಲ್ಲ. ಸತ್ತವು ಎಷ್ಟು ಅಂತ ಹೇಳತಾರ, ಇದ್ದವು ಎಷ್ಟು ಅಂತ ತಾಯಿಗೂ ಹೇಳಂಗಿಲ್ಲ. ಬೀರಪ್ಪ ದೇವರು ಕೊಟ್ಟದ್ದನ್ನ ಎಣಿಸಿದ್ರ ಕಣ್ಣು ತಾಗತೈತಿ ಅಂತ ಅವರ ನಂಬಿಗಿ. ಹೆಂಡತಿನೂ ಕೇಳಂಗಿಲ್ಲ, ಗಂಡನೂ ಹೇಳಂಗಿಲ್ಲ.”

ಡಾಕ್ಟರು ಒಳಗಿಂದ ಕೇಳಿಸಿಕೊಂಡರು. “ಹೇಳೋದು ಬೇಡ ಬಿಡಿ. ಸಂಜೆ ಹಿಂಡುಗಳೆಲ್ಲ ಕಾಲುವೆ ಸೇತುವೆ ಮೇಲೆ ಬರುತ್ತಲ್ಲ, ಕಿರಿದಾದ ಸೇತುವೆ. ರಾಜಾಸಾಬ್, ಒಂದು ಪಕ್ಕ ನಿಂತು ನೀವೇ ಎಣಿಸಿಬಿಡಿ.”

ಸುಂದ್ರಮ್ಮ ಬ್ಯಾಡ ಅಂದಳು. “ಕದ್ದು ಎಣಿಸೋದು ಬರೋಬರಿ ಅಲ್ರಿ ಸಾಹೇಬ್ರ.” ಆದ್ರ ಬ್ಯಾರೆ ಹಾದಿ ಏನು ಅಂತ ಕೇಳಿದ್ರ ಆಕಿ ಹತ್ತಿರಾನೂ ಇರಲಿಲ್ಲ.

ಮಂಗಳವಾರ ಸಂಜಿಕ ರಾಜಾಸಾಬ ಸೇತುವಿ ಬಾಜು ಮೀನು ನೋಡೋರಂಗ ನಿಂತ. ಕಾಲುವಿಯಾಗ ನೀರು ದಂಡಿ ಮುಟ್ಟಿ ಹರೀತಿತ್ತು. ಮೊದಲು ಬಂದದ್ದು ಹುಲಗಪ್ಪನ ತಮ್ಮ ಅಮೋಘಸಿದ್ದನ ಹಿಂಡು. ಅಮೋಘಸಿದ್ದ ಅಂದ್ರ ಅಣ್ಣನಂಗಲ್ಲ, ಸಿಟ್ಟು ಮೂಗಿನ ತುದಿಗೆ. ನಾನು ಈ ಕಡೆ ಕೊಡ ತುಂಬಾಕತ್ತಿದ್ದೆ. ರಾಜಾಸಾಬನ ಮಾರಿ ನೀರಿನ ಕಡೆ, ಕೈ ಮಾತ್ರ ಬೆನ್ನ ಹಿಂದ. ಆ ಬೆನ್ನ ಹಿಂದ ಬೆರಳು ಒಂದೊಂದ ಮಡಚಾಕತ್ತಿದ್ದವು. ಹಿಂಡಿನ ಹಿಂದಿದ್ದ ಅಮೋಘಸಿದ್ದ ಅದನ್ನ ನೋಡೇ ಬಿಟ್ಟ.

“ಏ ಸಾಬಾ! ಬೆರಳು ಯಾಕ ಆಡಸ್ತೀ?”

“ಜಪ ಮಾಡಾಕತ್ತೀನಿ ಮಾಮಾ!”

“ನನ್ನ ಕುರಿ ಮ್ಯಾಲ ಏನಲೇ ನಿನ್ನ ಜಪ!” ಅಂದವನು ಒಂದು ಸೀಟಿ ಹೊಡೆದ. ನಡು ಸೇತುವಿ ಮ್ಯಾಲಿಂದ ಇಡೀ ಹಿಂಡು ಹೊಳ್ಳಿತು. ಎರಡು ಹರದಾರಿ ಸುತ್ತು ಹಾಕಿ ಬ್ಯಾರೆ ಹಾದಿ ಹಿಡಿದ. ಅಂದು ಸಂಜಿ ಒಂದು ಹಿಂಡೂ ಆ ಸೇತುವಿ ದಾಟಲಿಲ್ಲ.

ಬುಧವಾರ ಮುಂಜಾನೆ ಎಮ್ಮಿ ಬಂದವು, ಎತ್ತು ಬಂದವು, ಕುರಿಯವರು ಒಬ್ಬರೂ ಬರಲಿಲ್ಲ. ಶನಿವಾರ ಹತ್ತಿರ ಬರಾಕತ್ತಿತ್ತು. ಸುಂದ್ರಮ್ಮ ಬಾಗಿಲ ಕಡೆನೇ ನೋಡತಿದ್ದಳು. ಚೀಟಿಯಾಗ ಎತ್ತಿನ ಜಾಗದಾಗ ಮಾಲಕನ ಹೆಸರು, ಮಾಲಕನ ಜಾಗದಾಗ ಎತ್ತು ಅಂತ ಬರೆದುಬಿಟ್ಟಳು. “ಮಾಲಕರಿಗೆ ತಿಳಿದ್ರ ಗುದ್ದತಾರ” ಅಂತ ರಾಜಾಸಾಬ ಹರಿದು ಹಾಕಿದ.

ಮಧ್ಯಾಹ್ನ ಹುಲಗಪ್ಪ ಬಂದ. ಸಿಟ್ಟಿದ್ರೂ ಬರಲೇ ಬೇಕಾಗಿತ್ತು. ಹೆಗಲ ಮ್ಯಾಲ ಒಂದು ಕುರಿ, ಹೊಟ್ಟಿ ಡೊಳ್ಳಿನಂಗ ಉಬ್ಬಿತ್ತು. ಸುಂದ್ರಮ್ಮ ಚೀಟಿ ಆಮ್ಯಾಲ ಅಂತ ಮೊದಲು ಒಳಗ ಕಳಿಸಿದಳು. ಡಾಕ್ಟರು ಕುರಿ ಬಾಯಾಗ ನಳಿಗಿ ಇಳಿಸಿದರು. ಹುಲಗಪ್ಪ ಹೊರಗ ಬಂದು ಮೆಟ್ಟಲ ಮ್ಯಾಲ ಕುಂತ. ಟೇಬಲ್ ಕಡೆ ಬೆನ್ನು.

“ಮುತ್ಯಾ, ಸಿಟ್ಟಾಗಿ ಏನು?”

“ನಮ್ಮ ಕುರಿ ಮ್ಯಾಲ ಬೆರಳು ಆಡಿಸೀರಿ. ಸಿಟ್ಟು ಆಗಬಾರದೇನು?”

“ತಪ್ಪಾಗೈತಿ ಮುತ್ಯಾ. ಇನ್ನ ಯಾರೂ ಹಂಗ ಮಾಡಂಗಿಲ್ಲ. ಚೀಟಿ ಒಂದು ಬರಸು.” ಆಕಿ ಪೆನ್ನು ತಗೊಂಡಳು. ಹೆಸರು, ಊರು, ಏನು ಜೀವ, ಏನು ಬ್ಯಾನಿ. ಕಡೀಗೆ ಒಂದು ಕಾಲಂ ಐತಿ, ಗುರುತು ಅಂತ. ಅದನ್ನ ಯಾರೂ ಕೇಳತಿರಲಿಲ್ಲ, ಯಾರೂ ತುಂಬತಿರಲಿಲ್ಲ. ಅವತ್ತು ಮಾತು ಬೆಳಸಬೇಕು ಅಂತ ಆಕಿ ಕೇಳಿದಳು. “ಇದರ ಗುರುತು ಏನು ಮುತ್ಯಾ?”

ಹುಲಗಪ್ಪ ಈ ಕಡೆ ತಿರುಗಿದ.

“ಗುರುತು ಕೇಳತೀ? ಇದು ಕರಿಮಾರಿ ಮಗಳು. ಬಲಗಿವಿ ತುದಿ ಬೆಳ್ಳಗ ಐತಿ ನೋಡು, ನನ್ನ ಮಗಳ ಲಗ್ನದಾಗ ಹುಟ್ಟಿದ್ದು. ಹಂದರದಾಗ ಬಂದು ಅಕ್ಕಿಕಾಳು ತಿಂದಿತ್ತು.”

“ಹೌದಾ? ಇದಕ್ಕ ಅಕ್ಕ ತಂಗಿ?”

“ಅಕ್ಕ ಐತಿ, ಮುರುಕಿವಿ. ನಾಯಿ ಹಿಡಿದಿತ್ತು ಅದರ ಕಿವಿ. ಅದರ ಮಗಳು ಚುಕ್ಕಿಬಾಲ. ಚುಕ್ಕಿಬಾಲದ್ದರ ಜೋಡಿ ಹುಟ್ಟಿದ್ದು ಒಂದು ಕೆಂದಿ, ಅದು ಕಾಲುವಿಯಾಗ ಬಿದ್ದು ಒಂದು ಮೈಲಿ ತೇಲಿ ಹೋಗಿತ್ತು, ನಿನ್ನ ಗಂಡನ ಹಿಡದ ಅದನ್ನ ಗೇಟಿನಾಗ...”

“ಮತ್ತ?”

“ಮತ್ತ ಕೊಡೇಕಲ್ಲಿಗೆ ಹೋದಾಗ ಹಾದ್ಯಾಗ ಹುಟ್ಟಿದ್ದೊಂದು. ಹಣಿ ಮ್ಯಾಲ ವಿಭೂತಿ ಇಟ್ಟಂಗ ಐತಿ.”

“ಮತ್ತ?”

ನಾನು ಕಸಬರಗಿ ಹಿಡಕೊಂಡು ನಿಂತುಬಿಟ್ಟೆ. ಮುದುಕ ಬೆನ್ನು ತಿರುವಿ ಕುಂತಿದ್ದವ ಈಗ ಟೇಬಲ್‌ಗೆ ಮೊಣಕೈ ಊರಿ ಹೇಳಾಕತ್ತಾನ. ಮಾರಿ ಮ್ಯಾಲ ಬೆಳಕು. ಮೊಮ್ಮಕ್ಕಳ ಸುದ್ದಿ ಹೇಳೋರು ಹಂಗ ಇರತಾರ. ಸುಂದ್ರಮ್ಮನ ಪೆನ್ನು ಓಡಾಕತ್ತೈತಿ. ಚೀಟಿ ಯಾವಾಗೋ ತುಂಬಿ, ಆಕಿ ಹೊಸ ರಿಜಿಸ್ಟರ್ ತಗದು ಒಂದು ಗೆರಿಗೆ ಒಂದು ಗುರುತು ಬರಕೋತ ಹೋಗ್ಯಾಳ. ಹಾಳಿ ತಿರುವಿದಳು. ಮತ್ತೊಂದು ತಿರುವಿದಳು. ಆಗ ಆಕಿ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಇಬ್ಬರಿಗೂ ಒಂದೇ ಸರ್ತಿ ತಿಳೀತು. ನನ್ನ ಕೈಯಾಗಿನ ಕಸಬರಗಿ ಬಿತ್ತು.

ಆದ್ರ ಆಕಿ ಕದ್ದು ಬರೆಯೋಳಲ್ಲ. ಪೆನ್ನು ನಿಲ್ಲಿಸಿದಳು. “ಮುತ್ಯಾ, ಒಂದು ಮಾತು. ನಾ ಎಣಸಂಗಿಲ್ಲ. ನೀ ಎಣಸಬ್ಯಾಡ. ನಿನ್ನ ಎಲ್ಲಾ ಕುರಿ ಗುರುತು ಹೇಳು, ನಾ ಬರಕೋತೀನಿ. ಈ ಪುಸ್ತಕ ನೋಡಿ ಔಷಧ ಕಳಸತಾರ.”

ಮುದುಕ ಮೀಸಿ ತಿರುವಿದ. “ಅವರು ಎಣಸತಾರಲ್ಲ?”

“ಅವರು ಹಾಳಿ ಎಣಸತಾರ. ಒಂದು ಹಾಳಿಗೆ ಇಷ್ಟು ಗೆರಿ ಅಂತ.”

“ಹಾಳಿ?”

“ಹಾಳಿ. ಕಣ್ಣು ತಾಗಿದ್ರ ಹಾಳಿಗೆ ತಾಗಲಿ, ಸುಟ್ಟು ಹೋಗಲಿ ಹಾಳಿ.”

ಹುಲಗಪ್ಪ ಬಾಯ್ತುಂಬ ನಕ್ಕ. ಬಾಯಾಗ ನಾಲ್ಕೇ ಹಲ್ಲು. “ಹಂಗಾರ ಬರಿಯವ್ವ! ಮುಂದಿಂದು ಜೋಲುಕಿವಿ ಹಂಡಿ, ಅದರ ತಾಯಿ ಹುಣಸಗಿ ಸಂತಿದ್ದು...” ಒಳಗ ಉಬ್ಬಿದ ಕುರಿ ಗಾಳಿ ಬಿಟ್ಟು ಎದ್ದು ನಿಂತಿತ್ತು. ಅದನ್ನ ಒಯ್ಯೋದು ಮರೆತು ಅವನು ಹೊತ್ತು ಇಳಿಯೋ ತನಕ ಹೇಳಿದ.

ಗುರುವಾರ ಏನು ಹೇಳಲಿ! ಮುದುಕ ಸುದ್ದಿ ಹಬ್ಬಿಸಿದ್ದ. ಕುರಿ ನಿಲ್ಲಿಸೋ ದಡ್ಡಿ ದಡ್ಡಿಯಿಂದ ಕುರಿಯವರು ಬಂದರು. ಕುರಿ ಇಲ್ಲ, ಬ್ಯಾನಿ ಇಲ್ಲ, ಬರೀ ಗುರುತು ಹೇಳಾಕ ಬಂದರು. ಸಾಲು ಹೊರಗಿನ ಬೇವಿನ ಗಿಡದ ತನಕ. ಒಬ್ಬ ಹೇಳೋ ಮುಂದ ಇನ್ನೊಬ್ಬ ನಡುವ ಬಾಯಿ ಹಾಕತಿದ್ದ. “ಅದು ಕೆಂದಿ ಅಲ್ಲಲೇ, ಜೇನಿನ ಬಣ್ಣ.” “ನನ್ನ ಕುರಿ ಬಣ್ಣ ನಿನಗ ಗೊತ್ತೇನು?” “ಹೋದ ವರ್ಷ ನನ್ನ ಜ್ವಾಳ ತಿಂದೈತಿ, ಗೊತ್ತಿರದೆ ಏನು!” ಒಬ್ಬ ತನ್ನ ಕುರಿ ಗುರುತು ಹೇಳೋದ್ರಾಗ ಅಳಾಕತ್ತಿದ, ಅದು ಅವನ ತಾಯಿ ಕೊಟ್ಟದ್ದಂತ. ಎಮ್ಮಿ ತಂದ ಗೌಡ್ರೊಬ್ಬರು, “ನಮ್ಮ ಎಮ್ಮಿ ಗುರುತೂ ಬರಕೋರಿ, ಒಂದು ಕೋಡು ಊರಗೌಡನಂಗ ಸೊಟ್ಟ ಐತಿ” ಅಂದರು. ಊರಗೌಡ ಬಾಜುಕ ನಿಂತಿದ್ದ.

ಮಸಿ ಮುಗೀತು. ತಿಮ್ಮಣ್ಣ ಸೈಕಲ್ ಮ್ಯಾಲ ಹೋಗಿ ಎರಡು ಸೀಸೆ ತಂದ. ಸುಂದ್ರಮ್ಮನ ಬೆರಳು ಬಾತು, ನಾನು ಅರಿವಿ ಸುತ್ತಿದೆ. ನಗು, ಜಗಳ, ಬೀಡಿ ಹೊಗಿ, ಅದರ ನಡುವ ಆಕಿ ಒಂದೇ ಮಾತು. “ಮತ್ತ?” ಅಷ್ಟು ಖುಷಿ ನಾನು ನಮ್ಮ ಮನ್ಯಾಗಿನ ಲಗ್ನದಾಗೂ ನೋಡಿರಲಿಲ್ಲ.

ಅಮೋಘಸಿದ್ದ ಮಾತ್ರ ಬರಲಿಲ್ಲ. ಅಣ್ಣ ಹೇಳಿದ್ರ, “ಹಾಳಿ ಎಣಿಸಿದ್ರೇನು, ಬೆರಳು ಎಣಿಸಿದ್ರೇನು” ಅಂದನಂತ.

ಇನ್ನೊಂದು ಉಳಿದಿತ್ತು. ಹುಲಗಪ್ಪ ದೊಡ್ಡ ಕುರಿ ಬರಸಿದ್ದ, ಮರಿ ಬರಸಿರಲಿಲ್ಲ. ಶುಕ್ರವಾರ ಸಂಜಿಮುಂದ ಅಯ್ಯಮ್ಮ ಬಂದಳು. ಸುಂದ್ರಮ್ಮನ ಕಡೆ ನೋಡಲಿಲ್ಲ, ನನ್ನ ಬಾಜು ಬಂದು ನಿಂತಳು.

“ಅಕ್ಕಾ, ಆಕಿಗೆ ಹೇಳು. ಮರಿ ಗುರುತು ಗಂಡಸರಿಗೆ ಗೊತ್ತಿರಂಗಿಲ್ಲ. ನಾನ ಹೇಳಬೇಕು.”

ಸುಂದ್ರಮ್ಮನೂ ನನ್ನ ಕಡೆನೇ ತಿರುಗಿ ಅಂದಳು, “ಚಿಗವ್ವಾ, ಆಕಿಗೆ ಹೇಳು. ಕುಂತು ಹೇಳಂತ. ನನ್ನ ಕುರ್ಚಿ ಖಾಲಿ ಮಾಡತೀನಿ.”

“ಅಕ್ಕಾ, ಕುರ್ಚಿ ಬ್ಯಾಡಂತ ಹೇಳು. ಕುರ್ಚಿಗೆ ಏನು ಬೆಂಕಿ ಹಚ್ಚಲಿ?”

ಮೂರು ಮಾರು ದೂರ ಇಲ್ಲ ಇಬ್ಬರೂ! ನಾನು ನಡುವ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಆಮ್ಯಾಲ ಅಯ್ಯಮ್ಮ ಮೆಟ್ಟಲ ಮ್ಯಾಲ ಕುಂತು ಶುರು ಮಾಡಿದಳು. ಗಂಡ ಹೇಳಿದ್ರ ಸುದ್ದಿ ಹೇಳಿದಂಗ, ಆಕಿ ಹೇಳಿದ್ರ ತೊಟ್ಟಿಲದಾಗಿನ ಕೂಸು ತೋರಿಸಿದಂಗ. ಬೆರಳು ಚೀಪೋದು. ಬಿಸಲಿಗೆ ಸೀನೋದು. ಒಂದೇ ಕಾಲಿಗೆ ಬಿಳಿ ಕಾಲ್ಚೀಲ ಹಾಕ್ಕೊಂಡಿದ್ದು. ನಡುವ ನಡುವ ಆಕಿ ದನಿ ಇಳೀತಿತ್ತು, ಮತ್ತ ಏರತಿತ್ತು. ದನಿ ಇಳಿದಾಗೆಲ್ಲ ಸುಂದ್ರಮ್ಮನ ಪೆನ್ನೂ ಒಂದು ಚಣ ನಿಂತು ಮುಂದ ಹೋಗತಿತ್ತು. ನನಗ ಕೇಳಿಸಿತು, ಯಾಕ ಅಂತ ತಿಳೀಲಿಲ್ಲ. ದಣಿದಾರ ಅಂದ್ಕೊಂಡೆ.

ಶನಿವಾರ ಡಾಕ್ಟರು ಹಾಳಿ ಒಂದೊಂದ ತಿರುವಿದರು. ಸುಂದ್ರಮ್ಮ ಅವರಿಗೆ ಮೊದಲೇ ಹೇಳಿದ್ದಳು, ಬಾಯಿಬಿಟ್ಟು ಹೇಳಬ್ಯಾಡ್ರಿ ಅಂತ. ಅವರು ತುಟಿ ಬಿಗಿ ಹಿಡಿದು ಕಾಗದದಾಗ ಬರೆದರು, ಮಡಚಿ ಲಕೋಟಿಗೆ ಹಾಕಿದರು. ನಾವು ಯಾರೂ ನೋಡಲಿಲ್ಲ. ಎಷ್ಟಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ರೂ ಇಲ್ಲಿ ಬರೀತಿರಲಿಲ್ಲ. ಲಕೋಟಿ ಶಹಾಪುರದ ಮ್ಯಾಲಿನ ಬಸ್ಸಿಗೆ ಗುಲ್ಬರ್ಗಾಕ್ಕ ಹೋತು.

ಐದು ವಾರಕ್ಕ ಔಷಧ ಬಂತು. ಬರ್ಫದ ಪೆಟ್ಟಿಗಿ ಒಂದಲ್ಲ ಎರಡಲ್ಲ! ಜೀಪಿನಿಂದ ಇಳಿಸೋ ಮುಂದ ಸುಂದ್ರಮ್ಮ ಒಂದೊಂದು ಪೆಟ್ಟಿಗಿನೂ ಮುಟ್ಟಿ ಮುಟ್ಟಿ ನೋಡಿದಳು, ಕೈ ತಣ್ಣಗಾತು ಅಂತ ನನ್ನ ಗಲ್ಲಕ್ಕ ಹಚ್ಚಿದಳು.

ಮರುದಿನ ಬೆಳಗಾಗೋದ್ರಾಗ ಕ್ಯಾಂಪಿನ ಬಯಲು ತುಂಬಿತ್ತು. ಧೂಳು, ಬ್ಯಾ ಬ್ಯಾ, ನಾಯಿಗಳ ಜಗಳ. ಟೇಬಲ್ ಬೇವಿನ ಗಿಡದ ಕೆಳಗ ಬಂತು. ಸುಂದ್ರಮ್ಮ ಪುಸ್ತಕ ತಗದು ಎದ್ದು ನಿಂತು ಕೂಗತಿದ್ದಳು, “ಮುರುಕಿವಿ!” “ಬಂತು!” “ಚುಕ್ಕಿಬಾಲ!” “ಬಂತು ಬಂತು!” ಡಾಕ್ಟರು ಒಂದು ಕಡೆ, ರಾಜಾಸಾಬ ಒಂದು ಕಡೆ, ಸೂಜಿ ಹೊಡೆದಿದ್ದೇ ಹೊಡೆದಿದ್ದು.

“ಜೋಲುಕಿವಿ ಹಂಡಿ!”

ಯಾವ ಕುರಿನೂ ಮುಂದ ಬರಲಿಲ್ಲ.

“ಜೋಲುಕಿವಿ ಹಂಡಿ ಎಲ್ಲಿ ಮುತ್ಯಾ?”

ಹುಲಗಪ್ಪ ತಲಿ ಕೆರಕೊಂಡ. “ಅದು... ಅದು ಮೂರು ವರ್ಷದ ಹಿಂದನ ತೋಳ ಹಿಡೀತವ್ವ. ಅದನ್ನ ಬಿಟ್ಟು ಅದರ ಮಗಳ ಗುರುತು ಹೆಂಗ ಹೇಳಲಿ? ತಾಯಿ ಹೇಳಬೇಕಲ್ಲ ಮೊದಲು.”

ಒಬ್ಬನದಲ್ಲ, ಎಲ್ಲಾರದೂ ಅದೇ ಕಥಿ. ಅಳಿಯನ ಮನಿಗೆ ಹೋದದ್ದು, ದೇವರಿಗೆ ಬಿಟ್ಟದ್ದು, ಮುದಿಯಾಗಿ ಸತ್ತದ್ದು, ಎಲ್ಲಾ ಪುಸ್ತಕದಾಗ ಇದ್ದವು. ಡಾಕ್ಟರ ಕೈ ನಿಂತಿತು. ಅಷ್ಟರಾಗ ಸುಂದ್ರಮ್ಮ ಮರಿಗಳ ಹಾಳಿ ತಿರುವಿದಳು. “ಬಿಸಲಿಗೆ ಸೀನೋದು!” ಬಂತು. “ಒಂದು ಕಾಲಿಗೆ ಬಿಳಿ ಕಾಲ್ಚೀಲ!” ಬಂತು. “ಸೆರಗು ಜಗ್ಗೋದು!” ಅಯ್ಯಮ್ಮ ಅಲ್ಲಾಡಲಿಲ್ಲ. ಸುಂದ್ರಮ್ಮ ಒಂದು ಚಣ ನಿಂತು ಮುಂದಿಂದು ಕೂಗಿದಳು. ಕೂಗಿದವು ಬಾಳ ಬಂದವು. ಹದಿನೆಂಟು ಬರಲಿಲ್ಲ.

“ಸತ್ತ ಮರಿಗಳನ್ನ ಯಾಕಮ್ಮ ಬರೆಸಿದ್ರಿ?” ಡಾಕ್ಟರು ಸಿಟ್ಟಿನಿಂದ ಕೇಳಿದರೋ, ಬೆರಗಿನಿಂದ ಕೇಳಿದರೋ.

ಅಯ್ಯಮ್ಮ ಸೊಂಟಕ್ಕ ಕೈ ಇಟ್ಟಳು. “ಗುರುತು ಕೇಳಿದ್ರಿ, ಹೇಳಿದ್ನಿ. ಸತ್ರ ಗುರುತು ಹೋಗತೈತೇನ್ರಿ ಸಾಹೇಬ್ರ?”

ಸುಂದ್ರಮ್ಮ ಮೆಲ್ಲಗ ಅಂದಳು, “ನನಗ ಗೊತ್ತಿತ್ರಿ ಸಾಹೇಬ್ರ. ಬರಕೊಳ್ಳೋ ಮುಂದನ ಗೊತ್ತಿತ್ತು. ಬಿಡು ಅಂತ ಹೇಳಾಕ ನನಗ ಬಾಯಿ ಬರಲಿಲ್ಲ.” ಆಗ ಅಯ್ಯಮ್ಮ ವರ್ಷಕ್ಕ ಹತ್ತಿರ ಆದ ಮ್ಯಾಲ ಮೊದಲನೇ ಸಲ ಆಕಿ ಮಾರಿನ ನೆಟ್ಟಗ ನೋಡಿದಳು.

ಬದುಕಿದ್ದ ಮರಿಗಳಿಗೆಲ್ಲ ಸೂಜಿ ಆಗಿತ್ತು, ಒಂದೂ ಉಳಿದಿರಲಿಲ್ಲ. ಪೆಟ್ಟಿಗ್ಯಾಗ ಮಾತ್ರ ಇನ್ನೂ ಸೀಸೆ ಇದ್ದವು. “ಬರ್ಫ ಕರಗ್ತಾ ಇದೆ, ಸಂಜೆ ಮೇಲೆ ಇವು ಕೆಲಸಕ್ಕೆ ಬರಲ್ಲ” ಅಂದರು ಡಾಕ್ಟರು. ನಾನು ತೊಟ್ಟಿ ಹತ್ತಿರದಿಂದ ನೋಡಿದೆ. ಕಾಲುವಿ ಆಚಿ ದಂಡಿ ಮ್ಯಾಲ ಅಮೋಘಸಿದ್ದ ತನ್ನ ಹಿಂಡಿನ ಕೂಡ ನಿಂತಿದ್ದ. ಬರವಲ್ಲ, ಹೋಗವಲ್ಲ. “ಸುಂದ್ರಾ, ಅಲ್ಲಿ ನೋಡು” ಅಂದೆ.

ಆಕಿ ಪುಸ್ತಕ ಟೇಬಲ್ ಮ್ಯಾಲ ಬಿಟ್ಟು, ಸೀರಿ ಮಡಚಿ ಸೇತುವಿ ಮ್ಯಾಲ ಓಡಿದಳು. “ಮಾಮಾ, ಹೊಡಕೊಂಡು ಬಾ!”

“ನಾ ಏನೂ ಬರಸಿಲ್ಲ.”

“ಏನೂ ಬರಸಬ್ಯಾಡ. ನನ್ನ ಕೈ ನೋಡು, ಪೆನ್ನೂ ಇಲ್ಲ, ಹಾಳಿನೂ ಇಲ್ಲ. ಹೋದವುಗಳ ಪಾಲು ಉಳದೈತಿ, ಇದ್ದವುಗಳಿಗೆ ಹಾಕತೀವಿ.”

“ಆ ಬೆರಳು ಆಡಸೋ ಸಾಬ ಅದಾನಲ್ಲ?”

ರಾಜಾಸಾಬ ಈ ದಂಡಿಯಿಂದ ಎರಡೂ ಕೈ ಎತ್ತಿದ. “ಎರಡೂ ಕೈಯಾಗ ಸೂಜಿ ಐತಿ ಮಾಮಾ! ಆಡಸಾಕ ಬೆರಳು ಎಲ್ಲಿಂದ ತರಲಿ?”

ಅಮೋಘಸಿದ್ದನ ಮೀಸಿ ಅಲ್ಲಾಡಿತು, ನಗು ಬರಲಿಲ್ಲ. ಆದ್ರ ಆಗ ಸುಂದ್ರಮ್ಮ ಒಂದು ಕೆಲಸ ಮಾಡಿದಳು. ಸೇತುವಿ ಬಾಯಾಗ ನಿಂತು ನಮಗೆಲ್ಲ ಕೂಗಿದಳು, “ಎಲ್ಲಾರೂ ಹಿಂದ ತಿರುಗ್ರಿ! ಸಾಹೇಬ್ರ, ನೀವೂ!” ಇಡೀ ಬಯಲು ತಿರುಗಿತು. ಕುರಿಯವರು, ಹೆಣಮಕ್ಕಳು, ಎಮ್ಮಿ ಗೌಡ್ರು, ಬಿಳಿ ಕೋಟಿನ ಡಾಕ್ಟರು, ಎಲ್ಲಾರೂ ಸೇತುವಿಗೆ ಬೆನ್ನು ಮಾಡಿ ಬೇವಿನ ಗಿಡ ನೋಡಿಕೋತ ನಿಂತೆವು. ಆಕೀನೂ ಕಣ್ಣು ಮುಚ್ಚಿಕೊಂಡಳು. ನಮ್ಮ ಬೆನ್ನ ಹಿಂದ ಸೇತುವಿ ಮ್ಯಾಲ ಗೊರಸಿನ ಸದ್ದು, ಮಳಿ ಬಂದಂಗ, ಬಂತು ಬಂತು ಬಂತು. ಯಾರೋ ಕಿಸಕ್ಕನ ನಕ್ಕರು. ಸದ್ದು ನಿಂತ ಮ್ಯಾಲ ಅಮೋಘಸಿದ್ದ ಗಂಟಲು ಸರಿ ಮಾಡಿಕೊಂಡು ಅಂದ, “ತಿರುಗ್ರಿ ಇನ್ನ, ಹೊಸಾ ಲಗ್ನದ ಮದುಮಕ್ಕಳಂಗ ನಿಂತೀರಿ.”

ಔಷಧ ಅವನ ಹಿಂಡಿಗೆ ಹೆಚ್ಚೂಕಡಿಮಿ ಸಾಲಿತು. ಎರಡು ಟಗರು ಉಳಿದವು. “ಅವಕ್ಕ ಬ್ಯಾನಿನ ಹೆದರತೈತಿ, ಬಿಡ್ರಿ” ಅಂದ ಅವನು. ಡಾಕ್ಟರು ಬಿಡಲಿಲ್ಲ, ಮುಂದಿನ ವಾರ ಶಹಾಪುರದಿಂದ ಒಂದು ಸೀಸೆ ತರಿಸಿ ಹಾಕಿದರು.

ಇನ್ನ ಉಳಿದದ್ದು ಕಾಯೋದು. ಮಿರಗ ಮಳಿ ಜೋರಾಗೇ ಬಂತು. ಹತ್ತು ದಿನಕ್ಕ ಕಾಲುವಿ ದಂಡಿ ಹಸಿರಾತು. ಮರಿಗಳು ಬಾಯ್ತುಂಬ ಮೇದು ದುಂಡಗಾದವು. ಸುಂದ್ರಮ್ಮ ದಿನಾ ಮುಂಜಾನೆ ಬಂದು ಮೊದಲು ಹಾದಿ ನೋಡೋಳು, ಆಮ್ಯಾಲ ಪೆನ್ನು ತಗೊಳ್ಳೋಳು. ಹದಿನೈದು ದಿನ ಆತು. ಇಪ್ಪತ್ತು ಆತು. ಕರುಳಬ್ಯಾನಿ ಅಂತ ಒಂದು ಕುರಿನೂ ಆ ಬಾಗಿಲಿಗೆ ಬರಲಿಲ್ಲ.

ಒಂದು ದಿನ ಮಂದಿ ಗಿಜಿಗಿಜಿ ಅನ್ನೋ ಹೊತ್ತಿನಾಗ ಅಯ್ಯಮ್ಮ ಹಾದಿ ಮ್ಯಾಲ ಕಂಡಳು. ಎದಿಗೆ ಒಂದು ಮರಿ ಅವಚಿಕೊಂಡಿದ್ದಳು, ಬಿರಬಿರ ಬರಾಕತ್ತಿದ್ದಳು. ಸುಂದ್ರಮ್ಮ ದಡಕ್ಕನ ಎದ್ದಳು. ಕುರ್ಚಿ ಹಿಂದಕ್ಕ ಬಿತ್ತು. “ಸರೀರಿ, ಸರೀರಿ, ಆಕಿಗೆ ಹಾದಿ ಬಿಡ್ರಿ!” ಅಂತ ಎಲ್ಲಾರನ್ನ ನೂಕಿದಳು. ಅಯ್ಯಮ್ಮ ಮರಿನ ತಂದು ಟೇಬಲ್ ಮ್ಯಾಲ ಇಟ್ಟಳು, ರಿಜಿಸ್ಟರ್ ಮ್ಯಾಲನ.

“ಏನಾಗೈತಿ ಯಕ್ಕಾ? ಏನು ಬ್ಯಾನಿ?”

“ಬ್ಯಾನಿ ಏನಿಲ್ಲ. ಮೊನ್ನೆ ಹುಟ್ಟೈತಿ. ಬರಕೋ.”

ಸಾಲಿನಾಗ ನಿಂತವರು ಒದರಾಕತ್ತಿದರು, “ಬ್ಯಾನಿ ಇಲ್ಲದ್ದಕ್ಕ ಯಾಕ ಮೊದಲು ಪಾಳಿ?” “ಬಾಯಿ ಮುಚ್ಚಿ ನಿಂದರ್ರಿ” ಅಂದಳು ಅಯ್ಯಮ್ಮ, “ನಾನೂ ಹೋದ ವರ್ಷ ನಿಂತೀನಿ.”

ಸುಂದ್ರಮ್ಮ ಕುರ್ಚಿ ಎತ್ತಿ ಕುಂತಳು. ಪೆನ್ನು ತಗೊಂಡಳು. ಮರಿ ಪೂರಾ ಬೆಳ್ಳಗ, ಒಂದು ಚುಕ್ಕಿ ಇಲ್ಲ, ಒಂದು ಮಚ್ಚಿ ಇಲ್ಲ. “ಗುರುತು ಏನು ಬರೀಲಿ ಯಕ್ಕಾ, ಇದಕ್ಕ ಏನೂ ಇಲ್ಲಲ್ಲ?”

ಅಷ್ಟರಾಗ ಮರಿ ಕಾಲು ಅಗಲ ಮಾಡಿ, ಬಾಲ ಎತ್ತಿ, ಸರಕಾರದ ರಿಜಿಸ್ಟರ್ ಮ್ಯಾಲ ಸರ್ರಂತ ಬಿಟ್ಟಿತು. ಸುಂದ್ರಮ್ಮ ಪುಸ್ತಕ ಎತ್ತೋದ್ರಾಗ ಎರಡು ಹಾಳಿ ತೊಯ್ದಿದ್ದವು.

“ಸಿಕ್ತಲ್ಲ” ಅಂದಳು ಅಯ್ಯಮ್ಮ. “ಬರಿ, ಸುಂದ್ರವ್ವನ ಟೇಬಲ್ ಮ್ಯಾಲ ಉಚ್ಚಿ ಹೊಯ್ದದ್ದು ಅಂತ.”

ಸುಂದ್ರಮ್ಮ ನಕ್ಕೋತ, ಕಣ್ಣು ಒರಸಿಕೋತ, ಹಂಗನ ಬರೆದಳು. ಓದಿಯೂ ತೋರಿಸಿದಳು.